ಅಪ್ಪ ಪಂಕ್ತಿಯಲ್ಲಿ ಕೂತರು

ಕೊಡಿಯಾಲ್‌ಬೈಲ್, ಮಂಗಳೂರು
೬ ನವೆಂಬರ್ ೨೦೨೫

ಪ್ರೀತಿಯ ಪೃಥ್ವಿ ಅಣ್ಣನಿಗೆ,

ಹೇಗಿದ್ದಿ? ಹಿಂದಿನ ಸಲ ಫೋನಿನಲ್ಲಿ ಕೆಮ್ಮುತ್ತಿದ್ದಿ, ಈಗ ಕಡಿಮೆಯಾಯಿತೇ? ಅಮ್ಮ ಮಾಡಿದ ಕಷಾಯದ ಪುಡಿ ಕಳುಹಿಸಿದ್ದೇನೆ, ಕುಡಿಯದೆ ಹಾಗೇ ಇಡಬೇಡ. ಬೆನೆಡಿಕ್ಟ್ ನಾಳೆ ನಿನ್ನ ಹಡಗು ಸೇರಲು ಹೊರಡುತ್ತಾನಂತೆ, ಅವನ ಕೈಯಲ್ಲಿ ಈ ಪತ್ರವೂ ಬರುತ್ತದೆ. ಫೋನಾದರೆ ನಡುವೆ ಕಟ್ ಆಗುತ್ತದೆ, ಇದು ಅರ್ಧದಲ್ಲಿ ನಿಲ್ಲಿಸುವ ಸುದ್ದಿಯಲ್ಲ. ನಿನ್ನೆ ಅಪ್ಪ ಜನರ ನಡುವೆ ಕೂತು ಊಟ ಮಾಡಿದರು. ಅದೂ ನೆಲದಲ್ಲಿ, ಗುರುದ್ವಾರದಲ್ಲಿ.

ಸ್ಟ್ರೋಕ್ ಆದ ಮೇಲೆ ಅವರು ಹೇಗಿದ್ದರೆಂದು ನೀನೇ ನೋಡಿ ಹೋಗಿದ್ದಿ. ಎಡಗೈ ಏಳುವುದಿಲ್ಲ, ಓರೆಯಾದ ಬಾಯಿಯಿಂದ ಅನ್ನ ಜಾರುತ್ತದೆ. ಹೋಟೆಲ್ ನಡೆಸಿ ಊರಿಗೆಲ್ಲ ಬಡಿಸಿದವರು ತಾವು ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದರು. ಅಮ್ಮ ಕೂಡ ತಟ್ಟೆ ಇಟ್ಟು ಹೊರಗೆ ಬರಬೇಕು. ಅವರಿಗೆ ವ್ಯಾಯಾಮ ಮಾಡಿಸಲು ಬರುವ ಗುರ್‌ಲೀನ್ ಪಂಜಾಬಿನವಳು, ಇಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಳೆ. ಗುರುನಾನಕ ಜಯಂತಿಗೆ ಬರಲೇಬೇಕೆಂದು ಅವಳು ಹಟ ಹಿಡಿದಾಗ “ಬರ್ತೇನೆ, ಆದರೆ ಊಟದ ಮಾತು ಬೇಡ” ಎಂದು ಅಪ್ಪ ಒಪ್ಪಿದರು. ಅವರನ್ನು ಯಾವಾಗಲೂ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಬಾಸಿಲ್‌ನ ರಿಕ್ಷಾದಲ್ಲೇ ಅಪ್ಪ, ಅಮ್ಮ, ನಾನು ಹೋದೆವು.

ಬಾಗಿಲಲ್ಲಿ ಬಿಳಿ ಗಡ್ಡದ ಸರ್ದಾರ್ಜಿಯೊಬ್ಬರು ಬಗ್ಗಿ ಅಪ್ಪನ ಚಪ್ಪಲಿಯ ಪಟ್ಟಿ ಬಿಚ್ಚಿದರು. ಬಂದವರ ಚಪ್ಪಲಿ ನೋಡಿಕೊಳ್ಳುವುದೂ ಅಲ್ಲಿ ಸೇವೆಯಂತೆ. ತಲೆ ಮುಚ್ಚದೆ ಒಳಗೆ ಹೋಗುವ ಹಾಗಿಲ್ಲ. ಗುರ್‌ಲೀನ್ ಅಪ್ಪನಿಗೂ ಬಾಸಿಲ್‌ಗೂ ಕೇಸರಿ ವಸ್ತ್ರ ಕಟ್ಟಿದಳು. ಬಾಸಿಲ್ ರಿಕ್ಷಾದ ಕನ್ನಡಿಯಲ್ಲಿ ನೋಡಿಕೊಂಡು ಬಂದ. ಒಳಗೆ ವಿಗ್ರಹವಿಲ್ಲ ಅಣ್ಣ. ಮೇಲ್ಕಟ್ಟಿನ ಕೆಳಗೆ, ಎತ್ತರದ ಪೀಠದಲ್ಲಿ ಅವರ ಗ್ರಂಥ, ಅದಕ್ಕೇ ಚಾಮರ ಬೀಸುತ್ತಾರೆ. ಗ್ರಂಥವೇ ಅವರಿಗೆ ಗುರು. ಆಮೇಲೆ ತುಪ್ಪದಲ್ಲಿ ಮಾಡಿದ ಬಿಸಿ ಗೋಧಿ ಹಲ್ವದ ಪ್ರಸಾದ ಬಂತು. ಎರಡೂ ಅಂಗೈ ಜೋಡಿಸಿ ತೆಗೆದುಕೊಳ್ಳಬೇಕು. ಅಪ್ಪ ಮುಖ ತಿರುಗಿಸಿದರು. “ಹೋಗುವ” ಎಂದರು.

ಆದರೆ ಹೊರಗೆ ಬರುವ ದಾರಿಯಲ್ಲೇ ಊಟದ ಹಾಲ್. ಲಂಗರ್ ಎನ್ನುತ್ತಾರೆ, ಯಾರು ಬಂದರೂ ಊಟ. ಕಾಲೇಜಿನ ಮಕ್ಕಳು, ಬಂದರಿನ ಆಫೀಸರುಗಳು, ಸಿಮೆಂಟ್ ಮೆತ್ತಿದ ಬಟ್ಟೆಯ ಕೆಲಸದವರು, ಎಲ್ಲರೂ ಒಂದೇ ಸಾಲಿನಲ್ಲಿ. ಅಪ್ಪ ಬಾಗಿಲಲ್ಲೇ ನಿಂತುಬಿಟ್ಟರು. ಹೋಟೆಲಿನವರ ಕಣ್ಣು ನೋಡು, ಬಡಿಸುವವರ ಕೈಯನ್ನೇ ಹಿಂಬಾಲಿಸುತ್ತಿತ್ತು. “ಒಂದು ಹನಿ ದಾಲ್ ಕೆಳಗೆ ಬೀಳಲಿಲ್ಲ ಮಾರಾಯ್ತಿ” ಎಂದು ನನಗೆ ಹೇಳಿದರು. ಯಾರೋ ಸ್ಟೂಲ್ ತಂದಾಗ, “ಎಲ್ಲರೂ ಕೆಳಗೆ ಕೂತಿದ್ದಾರೆ, ನನಗೊಬ್ಬನಿಗೆ ಎಂತ ಸ್ಟೂಲು?” ಎನ್ನಬೇಕೇ. ಬಾಸಿಲ್ ಹಿಡಿದು ಕೂರಿಸಿ, ತಾನೂ ಅವರ ಎಡಕ್ಕೆ ಕೂತ.

ರೊಟ್ಟಿ ಬಂತು. ಅದಕ್ಕೂ ಎರಡು ಕೈ ಒಡ್ಡಬೇಕು. ಬಡಿಸುವವರು ಕಾಯುತ್ತಾ ನಿಂತರು. ಅಪ್ಪನ ಬಲಗೈ ಮಾತ್ರ ಅರ್ಧ ಎದ್ದು ನಿಂತಿತು, ಕಿವಿ ಕೆಂಪಾಯಿತು. ಆಗ ಬಾಸಿಲ್ ವಾಲಿ, ತನ್ನ ಎಡಗೈಯನ್ನು ಅಪ್ಪನ ಬಲಗೈಗೆ ಜೋಡಿಸಿ, “ನನ್ನದು ಉಂಟಲ್ಲ ಶೆಟ್ರೇ” ಎಂದ. ಇಬ್ಬರ ಅಂಗೈ ಮೇಲೆ ಒಂದು ರೊಟ್ಟಿ ಇಟ್ಟು ಬಡಿಸುವವರು ಕೈಮುಗಿದರು. ಅಪ್ಪ ಅದನ್ನು ತಟ್ಟೆಗೆ ಹಾಕಿಕೊಂಡು ಮತ್ತೆ ಕೈ ಚಾಚಿದರು. ಇನ್ನೊಂದು ಬೇಕೇನೋ ಎಂದುಕೊಂಡೆ. ಅಲ್ಲ, ಅದು ಬಾಸಿಲ್‌ನ ರೊಟ್ಟಿಗೆ.

ದಾಲ್ ಗಲ್ಲಕ್ಕಿಳಿಯಿತು. ತಲೆಗೆ ಕಟ್ಟಿದ ವಸ್ತ್ರದ ತುದಿಯಿಂದಲೇ ಒರೆಸಿಕೊಂಡು, ಇನ್ನೂ ಸ್ವಲ್ಪ ಹಾಕಿ ಎಂದರು. ಎದುರು ಸಾಲಿನಲ್ಲಿದ್ದ ಅಮ್ಮ ಉಣ್ಣುವುದನ್ನೇ ಮರೆತಿದ್ದರು. ನಿನ್ನೆಯಿಂದ ಆ ಮಾತನ್ನೇ ಆಡುತ್ತಿದ್ದೇವೆ.

ಅಪ್ಪ ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ. ಡೆಕ್ಕಿನಲ್ಲಿ ಜಾಗ್ರತೆ.

ನಿನ್ನ ತಂಗಿ,
ನಿರೀಕ್ಷಾ

ಮುಖ್ಯ ಮಾತೇ ಮರೆತೆ, ಪತ್ರಕ್ಕಾಗಿ ಬೆನೆಡಿಕ್ಟ್ ಆಗಲೇ ಗೇಟಿನಲ್ಲಿ ಹಾರ್ನ್ ಹಾಕುತ್ತಿದ್ದಾನೆ. ಅಪ್ಪನನ್ನು ಬಿಟ್ಟು ಮದುವೆ ಊಟ ಬೇಡವೆಂದು ನೀನೂ ಅತ್ತಿಗೆಯಾಗಲಿರುವ ಸಂಚಿತಾಳೂ ತಾರೀಖು ಮುಂದೆ ಹಾಕುತ್ತಲೇ ಇದ್ದೀರಲ್ಲ. ಇವತ್ತು ಬೆಳಿಗ್ಗೆ ಅಪ್ಪನೇ ಅಮ್ಮನಿಗೆ ಹೇಳಿದರು, “ಮದುವೆಗೆ ಹಾಲ್ ನೋಡುವ. ನೆಂಟರೊಟ್ಟಿಗೆ ನಾನೂ ಊಟಕ್ಕೆ ಕೂರ್ತೇನೆ.” ರಜೆ ಯಾವಾಗ ಸಿಗುತ್ತದೆಂದು ಕೂಡಲೇ ತಿಳಿಸು.