ಪಾಲಕರ ಸಹಿ

ಶಹಾಬಾದ
14 ಅಕ್ಟೋಬರ್ 2007, ರವಿವಾರ

ಪ್ರೀತಿಯ ಪದ್ಮಜಾ,

ನಿನ್ನ ಎರಡೂ ಪತ್ರ ಸಿಕ್ಕಾವ. ಮೊದಲನೇದಕ್ಕ ಉತ್ತರ ಬರೀಬೇಕು ಅನ್ನೂದ್ರಾಗ ಎರಡನೇದು ಬಂತು. ಸಿಟ್ಟಿಗೆದ್ದಿರ್ತಿ, ಗೊತ್ತದ. ಇಷ್ಟು ದಿನ ಸುಮ್ಮನಿದ್ದದ್ದಕ್ಕ ಏನು ನೆಪ ಹೇಳಿದ್ರೂ ನೀ ನಂಬಂಗಿಲ್ಲ, ಅದಕ್ಕ ನೆಪ ಹೇಳಂಗಿಲ್ಲ. ಮೇಲ್ ಆದ್ರೂ ಮಾಡಬಾರದೇನು ಅಂತ ಕೇಳೀದಿ. ಆಫೀಸಿನಾಗ ದಿನಾ ಎಂಟು ತಾಸು ಕಂಪ್ಯೂಟರ್ ಮುಂದ ಕುಂದ್ರತೀನಿ. ಪಹಣಿ, ಸರ್ವೆ ನಂಬರ್ ಎಲ್ಲಾ ಟೈಪ್ ಮಾಡತೀನಿ. ಆದ್ರ ಒಬ್ಬ ಮನುಷ್ಯಾರ ಹೆಸರು ಹೊಡದು ಅವರಿಗೆ ಉತ್ತರ ಬರೀಲಿಕ್ಕ ಹೋದ್ರ ಕೈ ನಿಂತುಬಿಡತಾವ. ಅದಕ್ಕ ಪೆನ್ನು ಹಿಡದೀನಿ.

ಅವ್ವ ಇವತ್ತ ಬಿಳಿ ಸೀರಿ ಉಟ್ಟು ಬೆಳಿಗ್ಗೆನೇ ಬುದ್ಧ ವಿಹಾರಕ್ಕ ಹೋಗ್ಯಾಳ. ಅಪ್ಪ ಪರಸಿ ಕಲ್ಲು ಪಾಲಿಶ್ ಮಾಡೂ ಕೆಲಸ ಬಿಟ್ಟು ಎಂಟು ತಿಂಗಳಾತು, ಕೆಮ್ಮು ಇನ್ನೂ ಅವನ್ನ ಬಿಟ್ಟಿಲ್ಲ. ನಿಮ್ಮ ಅಪ್ಪ, ಗುರುರಾಜ ಕಾಕಾ, ನಿವೃತ್ತಿ ಆದ್ರು ಅಂತ ಬರದೀದಿ. ಸಾಲಿ ಬಿಟ್ಟು ಅವರು ಹೆಂಗ ಹೊತ್ತು ಕಳೀತಾರೋ ನನಗ ತಿಳೀವಲ್ದು. ಶಾರದಾಬಾಯಿ ಕಾಕು ಕಳಿಸಿದ ಹುಣಸಿ ತೊಕ್ಕು ಮೊನ್ನೆ ತನಕಾ ಬಂತು.

ಈಗ ನಿನ್ನ ಪ್ರಶ್ನೆಗೆ ಬರತೀನಿ. ನಿನ್ನ ತಮ್ಮ ಕೌಸ್ತುಭ ಬಿ.ಎ. ಮುಗಿಸಿ ಮನ್ಯಾಗ ಕುಂತಾನ, ಎಲ್ಲಿ ಹೋದ್ರೂ ಅನುಭವ ಅದ ಏನು ಅಂತ ಕೇಳತಾರ, ನಾ ಆರು ತಿಂಗಳು ಕೆಲಸ ಮಾಡಿದ ವೆಬ್‌ಸೈಟಿನಾಗ ಅವನ್ನ ಸ್ವಯಂಸೇವಕನಾಗಿ ಸೇರಿಸಲೇನು ಅಂತ ಕೇಳೀದಿ. ಹೌದು ಸೇರಿಸು ಅಂತ ಒಂದು ಕಾರ್ಡಿನಾಗ ಬರದು ಮುಗಸಬಹುದಿತ್ತು. ಮೂರು ಸಲ ಬರದೆ, ಮೂರೂ ಸಲ ಹರದು ಹಾಕಿದೆ.

ಆ ‘ಹರೆಯದ ಕಟ್ಟೆ’ ವೆಬ್‌ಸೈಟಿನ ಒಳಗ ಹೆಂಗ ನಡೀತಿತ್ತು ಅಂತ ನಿನಗ ಪೂರಾ ಹೇಳಿಲ್ಲ. ವಾಡಿ ಸ್ಟೇಷನ್ ಎದುರು ಝೆರಾಕ್ಸ್ ಅಂಗಡಿ ಮ್ಯಾಲ ಎರಡು ಖೋಲಿ, ಮೂರು ಕಂಪ್ಯೂಟರ್. ರಹೀಮಾ ಮೇಡಂ ಅದರ ಉಸ್ತುವಾರಿ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡಿ ನೆಟ್ ಸೆಂಟರ್‌ಗಳಿಂದ ಹುಡುಗ ಹುಡುಗೇರು ಇಂಗ್ಲಿಷ್ ಅಕ್ಷರದಾಗ ಕನ್ನಡ ಬರದು ಪ್ರಶ್ನೆ ಕಳಸತಿದ್ರು. ಫೇಲಾಗೀನಿ, ಮನ್ಯಾಗ ಹೆಂಗ ಹೇಳ್ಲಿ. ಮಾರಿ ಮ್ಯಾಲ ಗುಳ್ಳಿ ಎದ್ದಾವ, ಏನು ಹಚ್ಚಲಿ. ಐಟಿಐ ಆಗ್ಯದ, ಸಿಮೆಂಟ್ ಕಾರ್ಖಾನಿಗೆ ಅರ್ಜಿ ಹೆಂಗ ಹಾಕ್ಲಿ. ನಾವು ನಾಲ್ಕು ಮಂದಿ ಸ್ವಯಂಸೇವಕರು ಉತ್ತರ ಬರೀತಿದ್ವಿ. ನನ್ನ ಪಾಲಿಗೆ ಬಂದದ್ದು ‘ಸ್ವಯಂಸೇವೆ ಮತ್ತು ಕೆಲಸದ ಅನುಭವ’ ಅನ್ನೂ ಪುಟ. ಯಾವ ಗ್ರಂಥಾಲಯದಾಗ, ಯಾವ ದವಾಖಾನ್ಯಾಗ, ಯಾವ ಸಾಲ್ಯಾಗ ಹುಡುಗ್ರನ್ನ ತಗೊಂತಾರ ಅಂತ ನಾನ ಬಸ್ಸಿನಾಗ ತಿರುಗಿ ಕೇಳಿ ಪಟ್ಟಿ ಮಾಡಿದ್ದೆ. ಗುಲಬರ್ಗಾದಾಗ ಒಂದು ಅಂಧ ಮಕ್ಕಳ ಸಾಲಿ ಇತ್ತು. ಅಲ್ಲಿ ಸ್ವಯಂಸೇವಕರಿಗೆ ಊಟ, ಇರಾಕ ಜಾಗ ಎರಡೂ ಕೊಡತಿದ್ರು. ಪುಟದ ಕೆಳಗ ‘ಸಿದ್ಧಪಡಿಸಿದವರು: ಭಾಗ್ಯ ನಾಮದೇವ’ ಅಂತ ಹಾಕಿದ್ರು. ಪ್ರಿಂಟ್ ತಗಸಿ ಮನಿಗೆ ಒಯ್ದಿದ್ದೆ. ಓದಾಕ ಬರಲಾರದ ಅಪ್ಪ, ಇದರಾಗ ನಮ್ಮ ಹೆಸರು ಎಲ್ಲದವಾ ಅಂತ ಬೊಟ್ಟು ಇಟ್ಟು ಕೇಳಿದ್ದ.

ಹೋದ ವರ್ಷ ಜುಲೈ ಕಡೀಕ ಚಿಂಚೋಳಿಯಿಂದ ಒಂದು ಪ್ರಶ್ನೆ ಬಂತು. ಅದು ನನಗ ಬಾಯಿಪಾಠ ಆಗಿಬಿಟ್ಟದ.

“ನನ್ನ ಹೆಸರು ಜಗದೇವಿ. ಹದಿನಾರು ವರ್ಷ. ಪಿಯುಸಿ ಮೊದಲನೇ ವರ್ಷ ಓದ್ಲಿಕತ್ತೀನಿ. ಮನ್ಯಾಗ ಲಗ್ನದ ಮಾತು ನಡದದ. ನಿಮ್ಮ ಪುಟದಾಗ ಇರೂ ಕುರುಡ ಮಕ್ಕಳ ಸಾಲಿಗೆ ನಾ ಬರತೀನಿ. ಪಗಾರ ಬ್ಯಾಡ. ಕಸಾ ಹೊಡೀತೀನಿ, ಮಕ್ಕಳಿಗೆ ಓದಿ ಹೇಳತೀನಿ. ಇರಾಕ ಜಾಗ ಕೊಟ್ರ ಸಾಕು. ನಾಳೆ ಬಾ ಅಂದ್ರ ನಾಳೆ ಬರತೀನಿ.”

ನಮ್ಮ ಹತ್ರ ಸಿದ್ಧ ಉತ್ತರ ಇರತಿದ್ವು. ಅದರಾಗಿಂದ ಒಂದು ತಗದು ಅಂಟಿಸಿದೆ. ‘ನಿಮ್ಮ ಆಸಕ್ತಿಗೆ ಧನ್ಯವಾದಗಳು. ಹದಿನೆಂಟು ವರ್ಷ ತುಂಬದವರು ಇದರೊಂದಿಗಿರುವ ಫಾರಂಗೆ ಪಾಲಕರ ಸಹಿ ಪಡೆದು ಕಳುಹಿಸಬೇಕು. ನಿಮ್ಮ ಮನಸ್ಸಿನಲ್ಲಿರುವುದನ್ನು ಮನೆಯ ಹಿರಿಯರೊಂದಿಗೆ ಮುಕ್ತವಾಗಿ ಹಂಚಿಕೊಳ್ಳಿ.’ ಎರಡು ನಿಮಿಷದ ಕೆಲಸ. ಲಗ್ನದ ಮಾತು ನಾ ಓದಿರಲಿಲ್ಲ ಅಂತಲ್ಲ. ಅಂಥಾದ್ದು ಬಂದ್ರ ನನ್ನ ಮುಂದ ತರ್ರಿ ಅಂತ ರಹೀಮಾ ಮೇಡಂ ಮೊದಲ ದಿನಾನೇ ಹೇಳಿದ್ರು. ಅವತ್ತ ಅವರು ಸೇಡಂಗೆ ಹೋಗಿದ್ರು. ಇನ್ನೂ ಹದಿನೇಳು ಪ್ರಶ್ನೆ ಬಾಕಿ ಇದ್ವು.

ಆಗಸ್ಟಿನಾಗ ನನ್ನ ಆರು ತಿಂಗಳು ಮುಗಿದ್ವು. ಸರ್ಟಿಫಿಕೇಟ್ ಕೈಗೆ ಬಂತು. ಅದನ್ನ ತೋರಿಸಿದ ಮ್ಯಾಲನ ಡಿಸೆಂಬರಿನಾಗ ಚಿತ್ತಾಪುರದ ಈ ನೌಕರಿ ಸಿಕ್ಕದ್ದು. ಆ ಹುಡುಗಿ ನೆನಪು ನನಗ ಬರಲಿಲ್ಲ. ಖರೇ ಹೇಳತೀನಿ, ಒಂದು ದಿನಾನೂ ಬರಲಿಲ್ಲ.

ಹೋದ ತಿಂಗಳು ರಹೀಮಾ ಮೇಡಂ ಫೋನ್ ಮಾಡಿದ್ರು. ಅವರು ಚಿಂಚೋಳಿಯ ಒಂದು ಕಾಲೇಜಿಗೆ ವೆಬ್‌ಸೈಟ್ ಬಗ್ಗೆ ಹೇಳಾಕ ಹೋಗಿದ್ರಂತ. ಅಲ್ಲಿ ಒಬ್ಬ ಉಪನ್ಯಾಸಕರು, “ನಿಮ್ಮ ಫಾರಂ ಹಿಡಕೊಂಡು ಒಬ್ಬ ಹುಡುಗಿ ಅಪ್ಪ ಇಲ್ಲಿಗೆ ಬಂದಿದ್ದ. ಇದನ್ನ ಕಲಸ್ತೀರೇನು ಅಂತ ಕೇಳಿ ಕಾಲೇಜಿನಿಂದ ಹುಡುಗಿ ಹೆಸರು ತಗಸಿಕೊಂಡು ಹೋದ. ಹದಿನೈದು ದಿನದಾಗ ಲಗ್ನ ಮಾಡಿ ಕುಂಚಾವರಂ ಕಡಿ ಕೊಟ್ರು” ಅಂದ್ರಂತ. ಮೇಡಂ ನನ್ನ ಬೈಲಿಲ್ಲ. “ಭಾಗ್ಯ, ಉತ್ತರ ನಿಂದು ಅದ. ನನ್ನ ಜೋಡಿ ಬರತಿ ಏನು?” ಅಂತ ಅಷ್ಟ ಕೇಳಿದ್ರು.

ಹೋದೆ. ಕುಂಚಾವರಂ ಅಡವಿ ದಾಟಿ, ಬಸ್ಸು ಬಿಟ್ಟಲ್ಲಿಂದ ಮುಂದ ಒಂದು ತಾಸು ನಡದ್ವಿ. ಹತ್ತು ಹನ್ನೆರಡು ಮನಿ ಇರೂ ಊರು. ಬಾಣಂತಿನ ನೋಡಾಕ ಬಂದೀವಿ ಅಂತ ಮೇಡಂ ಅರ್ಧ ತೆಲುಗು ಅರ್ಧ ಕನ್ನಡದಾಗ ಆ ಹುಡುಗಿಯ ಅತ್ತಿ ಮುಂದ ಹೇಳಿದ್ರು. ಅತ್ತಿ ಕೆಟ್ಟಾಕಿ ಅಲ್ಲ, ಪದ್ಮಜಾ. ನಮಗ ಮಜ್ಜಿಗಿ ಕೊಟ್ಲು. “ಚಲೋ ಹುಡುಗಿ ಅದ್ರಿ, ಮಾತ ಕಡಿಮಿ” ಅಂದು ಆಡು ಹೊಡಕೊಂಡು ಹೋದ್ಲು. ಕೆಟ್ಟಾಕಿ ಆಗಿದ್ರ ನನಗ ಅನುಕೂಲ ಆಗತಿತ್ತು. ಸಿಟ್ಟು ಮಾಡಾಕ ಯಾರರೆ ಇರತಿದ್ರು.

ಜಗದೇವಿ ಎರಡೂವರಿ ತಿಂಗಳ ಕೂಸನ್ನ ತೊಡಿ ಮ್ಯಾಲ ಹಾಕೊಂಡು ಕುಂತಿದ್ಲು. ನನ್ನ ಹೆಸರು ಹೇಳಿದೆ. ಆಕಿ ಮಾರಿ ಅರಳ್ತು. “ನಿಮ್ಮ ಹೆಸರು ಪುಟದ ಕೆಳಗ ಇತ್ತಲ್ರಿ. ಕುಂದ್ರಿ ಅಕ್ಕಾ” ಅಂತ ಚಾಪಿ ಹಾಸಿದ್ಲು.

ಅಪ್ಪ ಭಾಳ ಬೈದ್ರೇನವಾ ಅಂತ ಮೇಡಂ ಕೇಳಿದ್ರು.

“ಬೈಲಿಲ್ರಿ. ಎಲ್ಲಿಗೆ ಹೋಗಬೇಕಂತ ಮಾಡೀದಿ, ಯಾವಾಗ ಹೋಗಬೇಕಂತ ಮಾಡೀದಿ ಅಂತ ಮೆಲ್ಲಕ ಕೇಳಿದ. ನಾ ಎಲ್ಲಾ ಹೇಳಿದ್ರಿ. ಅಕ್ಕಾರು ಮುಕ್ತವಾಗಿ ಹೇಳು ಅಂತ ಬರದಿದ್ರಲ್ಲ. ಫಾರಂ ಮಡಚಿ ಜೇಬಿನಾಗ ಇಟಗೊಂಡ. ನಾಳೆ ಸಹಿ ಮಾಡತಾನ ಅಂತ ತಿಳಕೊಂಡೆ.” ಹಂಗ ಹೇಳಿ ಕೂಸಿನ ಬಾಯಿ ಒರಸಿದ್ಲು. “ಗಂಡಿನ ಕಡಿಯವರು ಪರೀಕ್ಷಾ ಮುಗೀಲಿ ಅಂದಿದ್ರು. ಅಪ್ಪಾನೇ ಅವಸರ ಮಾಡಿದ. ಹುಡುಗಿ ಓಡಿಹೋಗತಾಳ ಅಂತ ಅಂಜಿಕಿ ಕುಂತಿತ್ತು ಅವಗ.”

ಕಂಪ್ಲೇಂಟ್ ಕೊಡತಿ ಏನು, ನಾವು ಬೆನ್ನಿಗಿರತೀವಿ ಅಂತ ಮೇಡಂ ಕೇಳಿದ್ರು. ಆಕಿ ಬ್ಯಾಡ ಅಂದ್ಲು. ಆಮ್ಯಾಲ ನನ್ನ ಕಡಿ ತಿರುಗಿ ದನಿ ಇಳಿಸಿ, “ಅಕ್ಕಾ, ಬರೂ ಮಾರ್ಚಿಗೆ ನನಗ ಹದಿನೆಂಟು ತುಂಬ್ತಾವ. ಆವಾಗ ಯಾರ ಸಹಿನೂ ಬೇಕಾಗಂಗಿಲ್ಲಲ್ರಿ? ಕೂಸಿನ ಕರಕೊಂಡು ಬಂದ್ರ ಆ ಸಾಲ್ಯಾಗ ಇಟಗೊಂತಾರೇನ್ರಿ?” ಅಂದ್ಲು.

ಕೇಳಿ ಹೇಳತೀನಿ ಅಂದೆ. ಕೇಳಿದೆ ಕೂಡ. ಕೂಸಿದ್ದವರನ್ನ ತಗೊಳ್ಳೂದಿಲ್ಲ ಅಂದ್ರು. ಈ ಉತ್ತರ ಆಕಿಗೆ ಹೆಂಗ ಮುಟ್ಟಸಲಿ? ಆ ಊರಿಗೆ ನೆಟ್ ಸೆಂಟರ್ ಇಲ್ಲ. ಪತ್ರ ಹಾಕಿದ್ರ ಯಾರ ಕೈಗೆ ಹೋಗತದೋ. ಮೊದಲನೇ ಉತ್ತರ ಎರಡು ನಿಮಿಷದಾಗ ಮುಟ್ಟಿತ್ತು.

ಕೌಸ್ತುಭನ್ನ ಸೇರಿಸು. ಮೇಡಂ ಆ ಸಿದ್ಧ ಉತ್ತರ ಎಲ್ಲಾ ತಗದು ಹಾಕ್ಯಾರ. ಚಲೋ ಮನುಷ್ಯಾರು, ಕೆಲಸ ಕಲಸತಾರ, ಸರ್ಟಿಫಿಕೇಟೂ ಕೊಡತಾರ. ಆದ್ರ ಈ ಪತ್ರ ಅವನಿಗೆ ಓದಿ ಹೇಳಿ ಕಳಿಸು. ಬಾಕಿ ಪ್ರಶ್ನೆ ಹದಿನೇಳಿರಲಿ ಐವತ್ತಿರಲಿ, ಒಂದನ್ನ ಪೂರಾ ಓದಲಾರದ ಇನ್ನೊಂದಕ್ಕ ಹೋಗಬ್ಯಾಡ ಅಂತ ಹೇಳು.

ಕಾಕಾಗ, ಕಾಕುಗ ನನ್ನ ನಮಸ್ಕಾರ. ನಿನಗ ಮುಂದಿನ ತಿಂಗಳು ಹೆರಿಗಿ ಅಂತ ಬರದೀದಿ. ಸುಖವಾಗಿ ಆಗಲಿ. ಹುಟ್ಟೂದು ಹೆಣ್ಣಾಗಿದ್ರ, ಆಕಿ ಕೇಳಿದ್ದಕ್ಕೆಲ್ಲಾ ಕಿವಿ ಕೊಡೂ ಮಂದಿ ಆಕಿ ಸುತ್ತ ಇರ್ಲಿ.

ನಿನ್ನ,
ಭಾಗ್ಯ

ತಾ.ಕ.: ಲಕೋಟಿ ಅಂಟಿಸಿದ್ದೆ, ಮತ್ತ ಬಿಚ್ಚೀನಿ. ಇದನ್ನ ಸಹಿ ಮ್ಯಾಲ ಬರೀಲಿಕ್ಕ ಆಗಲಿಲ್ಲ, ಮೇಡಂಗೂ ಹೇಳಿಲ್ಲ. ಜಗದೇವಿ ಇನ್ನೊಂದು ಸಲ ಬರದಿದ್ಲು. ಅದು ಆಗಸ್ಟ್ ಹದಿನೆಂಟು, ಶುಕ್ರವಾರ, ನನ್ನ ಕಡೀ ದಿನ. “ಅಕ್ಕಾ, ರವಿವಾರ ಲಗ್ನ. ಕುಬಸ ತರತೀನಿ ಅಂತ ಸುಳ್ಳು ಹೇಳಿ ಬಂದೀನಿ. ನಾಕರ ತನಕಾ ಈ ನೆಟ್ ಸೆಂಟರಿನಾಗ ಇರತೀನಿ. ಯಾರನ್ನರೆ ಕಳಸ್ರಿ.” ನಾ ಅದನ್ನ ಓದಿದಾಗ ಎರಡೂವರಿ. ಬಾಜೂ ಖೋಲ್ಯಾಗ ಮೇಡಂ ನನ್ನ ಸರ್ಟಿಫಿಕೇಟಿಗೆ ಸಹಿ ಮಾಡ್ಲಿಕತ್ತಿದ್ರು. ಈಗ ಇದನ್ನ ತೋರಿಸಿದ್ರ ಮೊದಲ ನೀ ಏನು ಉತ್ತರ ಕೊಟ್ಟಿದ್ದಿ ಅಂತ ಕೇಳತಾರ ಅನಸ್ತು. ಅಳಿಸಿಬಿಟ್ಟೆ. ಮೂರರ ಪ್ಯಾಸೆಂಜರಿಗೆ ಮನಿಗೆ ಬಂದೆ.

ಅವತ್ತ ಆ ಊರಾಗ ಮೇಡಂ ನೀರು ಕುಡಿಯಾಕ ಹೊರಗ ಹೋದಾಗ ಆಕಿ ನನ್ನ ಕೇಳಿದ್ಲು: “ನಾ ಎರಡನೇದು ಕಳಿಸಿದ್ದೆ, ಸಿಕ್ಕಿತ್ತೇನ್ರಿ?”

“ಇಲ್ಲವಾ, ಬಂದಿಲ್ಲ” ಅಂದೆ.

“ನಾನೂ ಹಂಗ ಅನಕೊಂಡಿದ್ದೆ. ಸಿಕ್ಕಿದ್ರ ನೀವು ಬರತಿದ್ರಿ” ಅಂದು ಕೂಸಿನ ನನ್ನ ಕೈಯಾಗ ಕೊಟ್ಲು.