ಬೋಳು ಬಸರಿಗೆ ಎಂಟು ದಿನ

ಫೆಬ್ರವರಿ ೩೦, ೨೧೮೭
ಕೆರೆಕೋಡಿ ಬಡಾವಣೆ

ಹಸಿರು ಸಮಿತಿಯ ಅಧ್ಯಕ್ಷರಾದ ಹಾಲಪ್ಪಜ್ಜನವರಿಗೆ, ನಿಮ್ಮ ಮರಿಮಗಳ ಮರಿಮಗಳು ತಿಪ್ಪವ್ವ ಬರೆಯುವುದು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಿಮ್ಮ ಕಾಲಕ್ಕೆ ಬೇಕಾಗದಿದ್ದ ಕೆಲವು ಪದ ಬಳಸುತ್ತೇನೆ, ಅದಕ್ಕೆ ಕ್ಷಮೆಯಿರಲಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ಎಲೆಬಾಡಿಗೆಯವಳು. ಅಂದರೆ, ತೊಟ್ಟಿಯಲ್ಲಿ ಬೆಳೆಸಿದ ಮರಗಳನ್ನು ಗಾಡಿಯ ಮೇಲೆ ಬೀದಿ ಬೀದಿಗೆ ಒಯ್ದು, ಜನರಿಗೆ ಎಲೆ ತೋರಿಸಿ ಬದುಕುವವಳು. ಒಡಕು ಬಕೆಟ್ಟಿನಲ್ಲಿ ಒಂದು ಹೊಂಗೆ ಬೀಜ ಊರಿ ಶುರುಮಾಡಿದೆ. ಈಗ ಇಪ್ಪತ್ತಮೂರು ತೊಟ್ಟಿ. ಯುಗಾದಿ ಹತ್ತಿರ ಬಂತೆಂದರೆ ಮಾವಿನ ತಾಮ್ರದ ಚಿಗುರು, ಬಸರಿ ಮರದ ಗುಲಾಬಿ ತಳಿರು ನೋಡಲು ಜನ ಸಾಲು ನಿಲ್ಲುತ್ತಾರೆ. ಬೀದಿಯಲ್ಲಿರುವುದೆಲ್ಲ ನೀವು ನೆಟ್ಟದ್ದರ ವಂಶ: ಚೆಂಡಿನಂತೆ ಕತ್ತರಿಸಿದ ಕೊನೊಕಾರ್ಪಸ್, ಹಳದಿ ಡುರಂಟಾ ಬೇಲಿ, ಕೆಂಪು ಎಲೆಯ ಅಕಾಲಿಫಾ ಪೊದೆ. ಜನವರಿಗೂ ಅದೇ ಬಣ್ಣ, ಜುಲೈಗೂ ಅದೇ ಬಣ್ಣ. ಗೋಡೆಯ ಸುಣ್ಣವಾದರೂ ಮಾಸುತ್ತದೆ. ಅವುಗಳ ಕೆಳಗೆ ಕೋಳಿ ಕೂರುವಷ್ಟೂ ನೆರಳಿಲ್ಲ. ಅದಕ್ಕೇ ನಮಗೆ ನೆರಳುಪಾಳಿ ಎಂಬುದೊಂದು ಇದೆ, ಮನೆಗೆ ದಿನಕ್ಕೆ ಅರ್ಧ ಗಂಟೆ, ಬಟ್ಟೆಯ ಚಪ್ಪರದಡಿ.

ನಿಮ್ಮ ಸಮಿತಿಯ ನಡಾವಳಿ ಪುಸ್ತಕ ನನ್ನಲ್ಲಿದೆ. ಒಂದು ಸಾಲೂ ಬಿಡದೆ ಓದಿದ್ದೇನೆ. ನಾಲ್ಕನೇ ಅಡ್ಡರಸ್ತೆಯ ಮೂಲೆಯ ಬಸರಿಯ ಮುಂದೆಯೇ ಸಭೆ ಸೇರಿಸಿ ನೀವು ಅಂದಿರಿ: “ಇದು ಸತ್ತೋಗಿದೆ ಕಣ್ರೀ, ಬರೀ ಕಡ್ಡಿ. ಸೋಮವಾರ ಕಡಿಸಿ. ವರ್ಷವೆಲ್ಲ ಹಸ್ರಾಗಿರೋದು, ಕಸ ಉದುರಿಸ್ದೇ ಇರೋದು ಹಾಕೋಣ.” ಬೀದಿ ಗುಡಿಸುವ ಹೊನ್ನೂರಮ್ಮ ಅಂದಳು: “ಎಂಟು ದಿನ ತಡೀರಿ ಸ್ವಾಮಿ, ಅದು ಬಟ್ಟೆ ಬದಲಾಯಿಸ್ತಾ ಐತೆ. ಮನೇಲಿ ಹೆಂಗಸ್ರು ಸೀರೆ ಬದಲಾಯಿಸ್ವಾಗ ಸತ್ತೋದ್ಲು ಅಂತ ಚಟ್ಟ ಕಟ್ತೀರಾ?” ಮುಂದಿನ ಸಾಲು ಹೀಗಿದೆ: ‘ಸಭೆಯಲ್ಲಿ ನಗು. ಒಮ್ಮತದಿಂದ ಅಂಗೀಕಾರ.’

ಗುಡಿಸುವವಳೇ ತಡೆಯಿರಿ ಎಂದಳು. ಪೊರಕೆ ಮುಟ್ಟದ ನಿಮಗೆ ಕಸದ ಚಿಂತೆ! ಸೀರೆ ಕೊಳ್ಳುವಾಗ ಅಂಗಡಿಯಿಂದ ಬಿಸಿಲಿಗೆ ತಂದು ಹಿಡಿದು ನೋಡುವ ಮಂದಿ ನೀವು. ತಲೆಮಾರುಗಟ್ಟಲೆ ನಿಲ್ಲುವ ಮರವನ್ನು ಒಂದು ಸಂಜೆಯ ಸುತ್ತಿನಲ್ಲಿ ಆರಿಸಿದಿರಿ. ಎಲೆ ನೋಡಿ ಮರ ಆರಿಸುವುದು ತಪ್ಪಲ್ಲ, ನನ್ನ ಅನ್ನವೇ ಅದು. ಆದರೆ ಎಲೆಯ ಇಡೀ ವರ್ಷವನ್ನು ನೋಡಬೇಕು: ಚಿಗುರಿದ್ದು, ಬಲಿತದ್ದು, ಹಣ್ಣಾಗಿ ಉದುರಿದ್ದು. ಬೋಳೂ ಲೆಕ್ಕಕ್ಕೆ ಬರುತ್ತದೆ ಅಜ್ಜಾ.

ನಿಮ್ಮ ದಡ್ಡತನದಿಂದಲೇ ನನ್ನ ಗಾಡಿ ಉರುಳುತ್ತಿದೆ, ಬಲ್ಲೆ. ಮನೆ ಮುಂದೆ ಬಸರಿಯಿದ್ದವರು ನನ್ನ ಹತ್ತಿರ ಯಾಕೆ ಬಂದಾರು? ಆ ಗಾಡಿ ಮುರಿದುಬೀಳಲಿ. ನನ್ನ ಬಸರಿ ನಿಮ್ಮ ಆ ಮರದ್ದೇ ಸಂತತಿ. ಹಣ್ಣು ತಿಂದ ಹಕ್ಕಿ ಗೋಡೆಯ ಬಿರುಕಿನಲ್ಲಿ ಬಿಟ್ಟುಹೋದ ಬೀಜದ ವಂಶ. ಈ ಸೀಮೆಯಲ್ಲಿ ಉಳಿದಿರುವುದು ಅದೊಂದೇ. ಈ ವರ್ಷ ಅದು ಎಲೆ ಉದುರಿಸಿ ನಲವತ್ತು ದಿನವಾಯಿತು. ಎಂಟಲ್ಲ, ನಲವತ್ತು. ಇಂದು ಬೆಳಿಗ್ಗೆ ಉಗುರಿನಿಂದ ತೊಗಟೆ ಕೆರೆದೆ. ಒಳಗೆ ಹಸಿರಿದ್ದರೆ ಜೀವವಿದೆ ಎಂದರ್ಥ. ಕಂದು. ಬುಡದವರೆಗೂ ಕೆರೆದೆ, ಕಂದೇ.

ಈ ಪತ್ರ ನಿಮ್ಮ ಕೈಗೆ ಬರುವುದು ಭಾನುವಾರ, ನಾಳೆ ನೀವು ಹೇಳಿದ ಸೋಮವಾರ. ಗರಗಸದವರು ಬರುವ ಮುಂಚೆ ಹೊನ್ನೂರಮ್ಮನನ್ನು ಕರೆದುಕೊಂಡು ಆ ಮೂಲೆಗೆ ಹೋಗಿ. ಉಗುರಿದೆಯಲ್ಲ, ಕೆರೆಯಿರಿ. ಆ ಹಸಿರು ಕಂಡ ಮೇಲೂ ಕಡಿಸುವ ಧೈರ್ಯವಿದ್ದರೆ ಅದನ್ನೂ ನಡಾವಳಿಯಲ್ಲಿ ಬರೆಸಿ. ಕೆಳಗೆ ನಿಮ್ಮ ಹೆಸರು ಸ್ಪಷ್ಟವಾಗಿರಲಿ. ಓದುವವರು ನಾವಿದ್ದೇವೆ.