ನಿಮ್ಮ ಬೋರ್ಡಿನ ಲೆಕ್ಕಕ್ಕೆ ನಮ್ಮಕ್ಕ ಸಾಯಬೇಕೇ?

ಜ್ವರದ ಅಂಕಿಅಂಶ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಆಸ್ಪತ್ರೆಯ ಗೇಟಿಗೆ ತೂಗುಹಾಕಿಸಿರುವ ಬೋರ್ಡನ್ನು ಇಳಿಸಿ, ಇಲ್ಲವೇ ತಿದ್ದಿ. 'ಈ ಜ್ವರದಲ್ಲಿ ಇಬ್ಬರಿಗೆ ಒಬ್ಬರು ಸಾಯುತ್ತಾರೆ' ಎಂದು ಕೆಂಪಕ್ಷರದಲ್ಲಿ, ಮೊಹರು ಸಮೇತ ಬರೆಸಿದ್ದೀರಿ. ಅದನ್ನು ಓದಿದ ದಿನದಿಂದ ನಮ್ಮ ದೊಡ್ಡಕ್ಕ ಸಾಯಲು ಸಿದ್ಧಳಾಗಿ ಮಲಗಿದ್ದಾಳೆ.

ಅಕ್ಕ ಟೈಲರು, ಭಾವ ಗಡಿಯಾರ ರಿಪೇರಿಯವರು. ಮನೆಯಲ್ಲಿರುವುದು ಅವರಿಬ್ಬರೇ. ಮೊದಲು ಭಾವನಿಗೆ ಜ್ವರ ಬಂತು. ಐದು ದಿನ ನರಳಿ ಆರನೆಯ ದಿನ ಎದ್ದು ಕೂತರು. ಆಮೇಲೆ ಅಕ್ಕನಿಗೆ ಬಂತು. "ಇಬ್ಬರಿಗೆ ಒಬ್ಬರು ಅಂತ ಸರ್ಕಾರದವರೇ ಬರೆದಿದ್ದಾರೆ. ಇವರು ಉಳಿದರು. ಇನ್ನು ಮನೆಯಲ್ಲಿ ಯಾರಿದ್ದಾರೆ, ನೀನೇ ಹೇಳು" ಅಂದಳು. ಹೊಲಿಯದ ಬಟ್ಟೆಗಳನ್ನೆಲ್ಲ ಗಿರಾಕಿಗಳಿಗೆ ವಾಪಸು ಕಳಿಸಿದಳು. ತನ್ನ ದೊಡ್ಡ ಕತ್ತರಿಯನ್ನು ನನ್ನ ಕೈಗಿಟ್ಟು, "ನಿನ್ನದು ಮೊಂಡು, ಇದನ್ನಿಟ್ಟುಕೋ" ಅಂದಳು. ಬದುಕಿದ್ದೇ ತಪ್ಪಾಯಿತೇನೋ ಎಂಬಂತೆ ಮೂಲೆಯಲ್ಲಿ ಕೂತಿದ್ದ ಭಾವನಿಗೆ ಅವಳ ಮಂಗಳಾರತಿ ಬೇರೆ: "ಊಟಕ್ಕೂ ನೀವೇ ಮೊದಲು, ಸ್ನಾನಕ್ಕೂ ನೀವೇ ಮೊದಲು, ಈಗ ಬದುಕೋದಕ್ಕೂ ನೀವೇ ಮೊದಲು."

ನಾನು ಕ್ಷೌರದಂಗಡಿಯವನು. ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ. ಭಿನ್ನರಾಶಿಯಲ್ಲಿ ನೂರಕ್ಕೆ ತೊಂಬತ್ತೆಂಟು; ಉಳಿದೆರಡು ಅಂಕ ಮೇಷ್ಟರ ತಪ್ಪು. 'ಕೆಳಗಿನ ಅಂಕಿ ಎಲ್ಲಿಂದ ಬಂತು ಅಂತ ಕೇಳದೆ ಮೇಲಿನ ಅಂಕಿಯನ್ನು ನಂಬಬೇಡ್ರೋ' ಎನ್ನುತ್ತಿದ್ದರು ಅವರು. ಹಾಗೆ ನೋಡಿದರೆ ಇಪ್ಪತ್ತೇ ಕೂದಲನ್ನು ಇಡೀ ನೆತ್ತಿಗೆ ಸಮನಾಗಿ ಹಂಚುವ ಗಣಿತ ನನ್ನ ಹೊಟ್ಟೆಪಾಡು. ತಮ್ಮ ನೆತ್ತಿಯೇ ಸಾಕ್ಷಿ, ಹೆಚ್ಚು ಹೇಳುವುದಿಲ್ಲ.

ಹಾಗಾಗಿ ಕೆಳಗಿನ ಅಂಕಿ ಕೇಳಲು ತಮ್ಮ ಕಚೇರಿಗೇ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು ಸಿಕ್ಕರು.

"ಎಷ್ಟು ಜನಕ್ಕೆ ಪರೀಕ್ಷೆ ಮಾಡಿದಿರಿ?"

"ಆರು ಜನಕ್ಕೆ. ಮೂವರು ಹೋದರು. ಅರ್ಧಕ್ಕರ್ಧ, ಸರಿ ಇದೆಯಲ್ಲ?"

"ಯಾವ ಆರು ಜನ ಸ್ವಾಮಿ?"

"ಹೊತ್ತುಕೊಂಡು ಬಂದವರು. ನಡೆದು ಬಂದವರಿಗೆ ಮಾತ್ರೆ ಕೊಟ್ಟು ಕಳಿಸ್ತೀವಿ, ಬರ್ಕೊಳ್ಳಲ್ಲ."

"ನಮ್ಮ ಭಾವ ನಡೆದು ಬಂದಿದ್ದರು. ಮೈ ಕಾದ ಹಂಚಿನಂತಿತ್ತು."

"ಪುಸ್ತಕದಲ್ಲಿಲ್ಲ ಅಂದರೆ ಅವರಿಗೆ ಜ್ವರ ಬಂದಿಲ್ಲ."

ಇದನ್ನು ಮನೆಗೆ ಹೋಗಿ ಹೇಳಿದೆ. ಹಾಗಾದರೆ ಗಂಡನ ಸರದಿ ಇನ್ನೂ ಬಾಕಿ ಇದೆ ಎಂದು ಅಕ್ಕ ಎದ್ದು ಕೂತಳು, ಭಾವ ಮಲಗಿಬಿಟ್ಟರು. ಅರ್ಧ ಗಂಟೆಗೆ ಅಕ್ಕನಿಗೆ ಕನಿಕರ ಬಂದು, "ಪಾಪ, ಏಳಿ ನೀವು" ಎಂದು ತಾನೇ ಮತ್ತೆ ಮಲಗಿದಳು.

ಮಾನ್ಯರೇ, ಮಳೆಯಲ್ಲಿ ಛತ್ರಿ ರಿಪೇರಿ ಅಂಗಡಿ ಮುಂದೆ ನಿಂತು, ಊರಿನ ಛತ್ರಿಗಳೆಲ್ಲ ಹರಿದಿವೆ ಎಂದು ಯಾರಾದರೂ ಬೋರ್ಡು ಬರೆಸುತ್ತಾರೆಯೇ?

ಇದನ್ನು ಬಿಡಬಾರದೆಂದು ನನ್ನಂಗಡಿಯಲ್ಲೇ ಎಣಿಕೆ ಶುರು ಮಾಡಿದೆ. ಕುರ್ಚಿಗೆ ಕೂತವರನ್ನೆಲ್ಲ ಕೇಳಿದೆ. ಕೆನ್ನೆಯ ಮೇಲೆ ಕತ್ತಿ ಇರುವಾಗ ಯಾರೂ ಸುಳ್ಳು ಹೇಳುವುದಿಲ್ಲ. ನಾಲ್ಕು ದಿನದಲ್ಲಿ ಸಿಕ್ಕ, ಜ್ವರ ಬಂದು ಹೋದವರು ನಲವತ್ತೊಂದು, ಸತ್ತವರು ಸೊನ್ನೆ. ಈ ಜ್ವರಕ್ಕೆ ಸಾವೇ ಇಲ್ಲ ಎಂದು ಎದೆಯುಬ್ಬಿಸಿಕೊಂಡು ಗುಮಾಸ್ತರ ಮುಂದೆ ಚೀಟಿ ಇಟ್ಟೆ. ಅವರು ಕನ್ನಡಕ ಸಹ ತೆಗೆಯದೆ, "ಸತ್ತವರು ನಿಮ್ಮಂಗಡಿಗೆ ಕ್ಷೌರಕ್ಕೆ ಬರ್ತಾರೇನ್ರಿ?" ಅಂದರು.

ಒಪ್ಪುತ್ತೇನೆ. ಆರಾಮಾಗಿರುವವರು ನಿಮ್ಮ ಆಸ್ಪತ್ರೆಗೆ ಬರುವುದಿಲ್ಲ, ಸತ್ತವರು ನನ್ನ ಅಂಗಡಿಗೆ ಬರುವುದಿಲ್ಲ. ಇಬ್ಬರೂ ನಮ್ಮ ನಮ್ಮ ಬಾಗಿಲಲ್ಲಿ ಕೂತು ಊರನ್ನು ಅಳೆದೆವು. ವ್ಯತ್ಯಾಸ ಇಷ್ಟೇ: ನಾನು ಬೋರ್ಡು ಬರೆಸಲಿಲ್ಲ.

ಆಮೇಲೆ ಭಾವನನ್ನು ಕರೆದುಕೊಂಡು ನಮ್ಮ ಎರಡು ಬೀದಿಗಳ ಪ್ರತಿ ಬಾಗಿಲನ್ನೂ ತಟ್ಟಿದೆ. ಜ್ವರ ಬಂದವರು ನೂರ ಮೂವತ್ತು. ಗುಣವಾದವರು ನೂರ ಇಪ್ಪತ್ತೊಂದು. ಹೋದವರು ಇಬ್ಬರು, ಇಬ್ಬರೂ ನಿಮ್ಮ ಮೂವರಲ್ಲಿ ಸೇರಿದವರೇ. ಒಬ್ಬರು ತೊಂಬತ್ತು ದಾಟಿದ ಅಜ್ಜಿ; ನನ್ನ ತುಂಟಾಟಕ್ಕೆ ಕಿವಿ ಹಿಂಡುತ್ತಿದ್ದವರು, ಅವರ ಬಗ್ಗೆ ತಮಾಷೆ ಮಾಡಲಾರೆ. ಇನ್ನೊಬ್ಬರು ಜ್ವರದಲ್ಲೇ ಗೋಡೆಗೆ ಬಣ್ಣ ಬಳಿಯಲು ಹತ್ತಿ ಏಣಿಯಿಂದ ಬಿದ್ದ ಪೇಂಟರು. ಏಣಿಯ ಪಾಲನ್ನೂ ಜ್ವರಕ್ಕೇ ಬರೆದುಕೊಳ್ಳಿ, ತಕರಾರಿಲ್ಲ. ಆದರೂ ಅರವತ್ತು ಚಿಲ್ಲರೆ ಜನಕ್ಕೆ ಒಬ್ಬರಾಯಿತು. ಇದೂ ಪಕ್ಕಾ ಲೆಕ್ಕವಲ್ಲ. ನಾಲ್ಕು ಮನೆಯವರು ಬಾಗಿಲು ತೆಗೆಯಲಿಲ್ಲ. ಒಬ್ಬ ರಜೆಗೋಸ್ಕರ ಜ್ವರ ಅಂದಿದ್ದಾನೆಂದು ಅವನ ಹೆಂಡತಿಯೇ ಹೇಳಿದಳು. ಉಳಿದ ಏಳು ಜನ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅವರಲ್ಲಿ ನಮ್ಮಕ್ಕನೂ ಒಬ್ಬಳು.

ಈ ಲೆಕ್ಕವನ್ನು ಅವಳಿಗೆ ಮೂರು ಸಲ ಓದಿ ಹೇಳಿದೆ. "ಮೊಹರು ಎಲ್ಲಿದೆ?" ಎಂದು ಕೇಳಿದಳು. ಮಾನ್ಯರೇ, ಅವಳ ಜ್ವರ ಮೊನ್ನೆಯೇ ಬಿಟ್ಟಿದೆ. ಆದರೆ ಗಂಜಿಯ ಲೋಟ ತುಟಿಗೆ ಹಿಡಿದರೆ ಮುಖ ತಿರುಗಿಸುತ್ತಾಳೆ. "ನನ್ನನ್ನು ಉಳಿದವರ ಪಟ್ಟಿಗೆ ಬರೀಬೇಡ, ಬೋರ್ಡು ಸುಳ್ಳಾಗುತ್ತೆ" ಅನ್ನುತ್ತಾಳೆ. ಕೈ ಕಡ್ಡಿಯಾಗಿದೆ. ನಿನ್ನೆ ಸೂಜಿಗೆ ದಾರ ಪೋಣಿಸಲು ಹೋಗಿ ಆಗದೆ ಎರಡನ್ನೂ ಕೆಳಗಿಟ್ಟಳು. ಆಗ ಮಾತ್ರ ನನಗೆ ನಗು ಬರಲಿಲ್ಲ.

ಆದ್ದರಿಂದ ಕೇಳುವುದಿಷ್ಟು. ಸೋಮವಾರದೊಳಗೆ ಬೋರ್ಡಿನ ಮೇಲೆ, 'ಹೊತ್ತು ತಂದ ಆರು ಜನರಲ್ಲಿ ಮೂವರು. ನಡೆದು ಬಂದವರನ್ನು ನಾವು ಎಣಿಸಿಲ್ಲ' ಎಂದು ಬರೆಸಿ, ಅದಕ್ಕೂ ಅದೇ ಮೊಹರು ಹಾಕಿಸಿ. ಮೊಹರು ಕಂಡರೆ ಗಂಜಿ ಕುಡಿಯುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದಾಳೆ. ಆಗದಿದ್ದರೆ ಚಿಂತೆಯಿಲ್ಲ. ಹೊತ್ತುಕೊಂಡು ಬಂದವರನ್ನಷ್ಟೇ ಎಣಿಸುತ್ತೀರಿ ತಾನೆ? ಗುಣವಾದ ನೂರ ಇಪ್ಪತ್ತೊಂದು ಜನರನ್ನೂ, ಜೊತೆಗೆ ಅಕ್ಕನನ್ನೂ, ಮಂಚ ಸಮೇತ ಹೊತ್ತು ತರುತ್ತೇವೆ. ಹೊರುವವರು ಕಡಿಮೆ, ಹಾಗಾಗಿ ಅರ್ಧ ದಾರಿಯಲ್ಲಿ ಮಲಗಿದವರು ಎದ್ದು ಹೊರುತ್ತಾರೆ, ಹೊತ್ತವರು ಮಲಗುತ್ತಾರೆ. ಮೊದಲನೆಯ ಮಂಚ ಅಕ್ಕನದು. ಪುಸ್ತಕ ಬಿಚ್ಚಿಟ್ಟುಕೊಂಡು ಕಾದಿರಿ.

ಇಂತಿ,
ಆ ಮಂಚದ ಎಡಗಾಲು ಹೊರಲಿರುವ,
ತೊಂಬತ್ತೆಂಟು ಅಂಕ ಪಡೆದೂ ಸ್ವಂತ ಅಕ್ಕನಿಗೆ ಲೆಕ್ಕ ಒಪ್ಪಿಸಲಾಗದ ತಮ್ಮ
(ಮೂಲೆ ಕ್ಷೌರದಂಗಡಿ. ತಮ್ಮ ಮುಂದಿನ ಸರದಿ ಬುಧವಾರ.)